ಮಹಿಳಾ ದಿನಕ್ಕೆ ಹನ್ನೆರಡು ಪೇಟ

ಫೆಬ್ರವರಿ ಕೊನೆಗೆ ನನಗೊಂದು ಫೋನು ಬಂದೇ ಬರುತ್ತದೆ. ಈ ವರ್ಷವೂ ಬಂತು.

“ಗೋದಕ್ಕ, ಮಹಿಳಾ ದಿನಾಚರಣೆಗೆ ಹನ್ನೆರಡು ಪೇಟ ಬೇಕು. ಪ್ರತಿ ವರ್ಷದ ಥರಾನೇ, ಸ್ಟೇಜ್ ಮೇಲೇ ಕಟ್ಬೇಕು,” ಎಂದ ಶಶಿ.

ಶಶಿ ನಮ್ಮ ವರ್ತಕರ ಮತ್ತು ಉದ್ಯಮಿಗಳ ಸಂಘದ ಕಾರ್ಯದರ್ಶಿ. ದಿನಾಚರಣೆ ಹೆಂಗಸರದು, ಪೇಟ ಗಂಡಸರ ತಲೆಯದು, ಇವೆರಡಕ್ಕೂ ಎಲ್ಲಿಯ ನಂಟು ಎಂದು ಹೊಸಬರು ಕೇಳಬಹುದು. ನಂಟು ಇದೆ. ನಮ್ಮ ಸಂಘ ಮಹಿಳಾ ಉದ್ಯಮಿಗಳಿಗೆ ಸನ್ಮಾನ ಮಾಡುವುದು ದಂಪತಿ ಸಮೇತ. ವೇದಿಕೆಯ ಮೇಲೆ ಜೋಡಿ ಕುರ್ಚಿಗಳು. ಹೆಂಡತಿಗೆ ಒಂದು ಶಾಲು, ಒಂದು ತಟ್ಟೆ ಹಣ್ಣು. ಪಕ್ಕದಲ್ಲಿ ಕೂತ ಗಂಡನಿಗೆ ಏಲಕ್ಕಿ ಹಾರ ಮತ್ತು ಜರಿ ಅಂಚಿನ ಮೈಸೂರು ಪೇಟ. ಬೆಳಗಿನ ಜಾವ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಓಡುವವಳು ಅವಳು, ಬ್ಯಾಂಕಿನ ಮುಂದೆ ಕಾಯುವವಳು ಅವಳು, ಅಂಗಡಿಯ ಶಟರ್ ಎತ್ತುವವಳು ಅವಳು. ಪೇಟ ಹಾಕಿಸಿಕೊಂಡು ಮೀಸೆ ತಿರುವುತ್ತ ಇಳಿಯುವವನು ಅವನು. ಪ್ರತಿ ವರ್ಷ ಇದನ್ನು ನೋಡಿ ಇನ್ನು ಸಾಕು ಎಂದುಕೊಳ್ಳುತ್ತೇನೆ. ಪ್ರತಿ ವರ್ಷ ಆರ್ಡರ್ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಪೇಟ ಕಟ್ಟುವುದು ನನ್ನ ಹೊಟ್ಟೆಪಾಡು.

ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ನಮ್ಮಪ್ಪ ಶೀನಣ್ಣ ಇಟ್ಟ ಪೇಟದ ಅಂಗಡಿ ನನ್ನದು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಈ ಹಳೆಯ ಬಡಾವಣೆಗಳಲ್ಲಿ ಯಾರಿಗೆ ಸನ್ಮಾನವಾದರೂ ಶಾಲು, ಹಾರ, ಪೇಟ ನಮ್ಮಲ್ಲಿಂದಲೇ ಹೋಗಬೇಕು. ರೆಡಿಮೇಡ್ ಪೇಟ ಸಣ್ಣ ತಲೆಗೆ ಕಿವಿ ಮುಚ್ಚುತ್ತದೆ, ದಪ್ಪ ತಲೆಯ ಮೇಲೆ ಹಕ್ಕಿಗೂಡಿನಂತೆ ಕೂರುತ್ತದೆ. ತಲೆ ನೋಡಿ ಕಟ್ಟುವ ಕೈ ಈಗ ನನ್ನದೊಂದೇ ಉಳಿದಿರುವುದು. ಸಂಘಕ್ಕೆ ನಾನು ಹಳೆಯ ಸದಸ್ಯೆ. ಆದರೂ ನನ್ನನ್ನು ಆ ವೇದಿಕೆಯ ಮೇಲೆ ಯಾರೂ ಕೂರಿಸಿಲ್ಲ. ನನಗೆ ಮದುವೆಯಾಗಿಲ್ಲ. ಪಕ್ಕದ ಕುರ್ಚಿ ಖಾಲಿ ಇದ್ದರೆ ಫೋಟೋದಲ್ಲಿ ಲಕ್ಷಣವಾಗಿ ಕಾಣುವುದಿಲ್ಲವಂತೆ. ಇದು ನಮ್ಮ ಅಧ್ಯಕ್ಷ ವಿಶ್ವಾರಾಧ್ಯರ ಮಾತು.

ಸಂಘ ಹೆಂಗಸರಿಗಾಗಿ ಏನೂ ಮಾಡಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ವರ್ಷಕ್ಕೊಮ್ಮೆ ಮಂತ್ರಿಗಳಿಗೆ ಮನವಿ ಸಲ್ಲಿಸುತ್ತದೆ. ಆಗ ಐದಾರು ಗಂಡಸರು ಒಂದೇ ಕಾಗದವನ್ನು ಒಟ್ಟಿಗೆ ಹಿಡಿದುಕೊಂಡು ಕ್ಯಾಮೆರಾ ನೋಡುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಹಿಳಾ ಘಟಕವೂ ಇದೆ. ಅದಕ್ಕೆ ಅಧ್ಯಕ್ಷೆ ವಿಶ್ವಾರಾಧ್ಯರ ಹೆಂಡತಿ ಶೈಲಜಮ್ಮ. ಆಕೆಯ ಉದ್ಯಮ ಯಾವುದೆಂದು ಇದುವರೆಗೆ ಯಾರಿಗೂ ಗೊತ್ತಿಲ್ಲ. ಮಹಿಳಾ ಸಹಾಯವಾಣಿ ಎಂದೂ ಒಂದಿದೆ. ಆ ನಂಬರಿಗೆ ಫೋನು ಮಾಡಿದರೆ ಶಶಿ ಎತ್ತುತ್ತಾನೆ.

ಇನ್ನೊಂದು ವಿಷಯ ಹೇಳಬೇಕು. ಪೇಟ ಕಟ್ಟುವ ಮುಂಚೆ ನಾನು ಪಕ್ಕದಲ್ಲಿ ಕೂತ ಹೆಣ್ಣುಮಗಳನ್ನು ಒಂದು ಮಾತು ಕೇಳುತ್ತೇನೆ. “ಇವರು ನಿಮಗೆ ಏನಾಗಬೇಕು?” ಇದು ಶಾಸ್ತ್ರವಲ್ಲ, ಕೈ ಸುಟ್ಟುಕೊಂಡು ಕಲಿತ ಪಾಠ. ಹಿಂದೊಮ್ಮೆ ಯಾರದೋ ಡ್ರೈವರು, ಪಾಪ, ಅಮ್ಮನವರ ಕೈಚೀಲ ಹಿಡಿದುಕೊಂಡು ಗಂಡನ ಕುರ್ಚಿಯಲ್ಲಿ ಕೂತಿದ್ದ. ನಾನು ಅವನಿಗೇ ಪೇಟ ಕಟ್ಟಿಬಿಟ್ಟೆ. ಬಾತ್‌ರೂಮಿಗೆ ಹೋಗಿದ್ದ ಗಂಡ ಬಂದು ರಂಪ ಮಾಡಿದ. ಅಂದಿನಿಂದ ಕೇಳದೆ ಕಟ್ಟುವುದಿಲ್ಲ. ಶಶಿಗೆ ಇದು ತಮಾಷೆಯಾಗಿ ಕಂಡು, ನಾನು ಕೇಳುವಾಗ ಮೈಕ್ ತಂದು ಹಿಡಿಯತೊಡಗಿದ. ಈಗ ಅದು ಕಾರ್ಯಕ್ರಮದ ಭಾಗವೇ ಆಗಿದೆ. ನಾನು ಕೇಳಬೇಕು, ಹೆಂಡತಿ ನಾಚಿಕೊಂಡು “ನಮ್ಮ ಯಜಮಾನ್ರು” ಅನ್ನಬೇಕು, ಧೈರ್ಯವಿದ್ದವರು ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು, ಸಭೆ ಹೋ ಎನ್ನಬೇಕು. ಲಕ್ಷಾಂತರದ ವ್ಯಾಪಾರ ಮಾಡುವ ಹೆಂಗಸರ ಬಾಯಿಂದ ಆ ದಿನ ಮೈಕಿನಲ್ಲಿ ಬರುವುದು ಅದೊಂದೇ ಮಾತು.

ಈ ವರ್ಷದ ಹನ್ನೆರಡರಲ್ಲಿ ಒಂದು ಹೆಸರು ವಿಶಾಖಾಳದು ಎಂದು ಶಶಿ ಹೇಳಿದಾಗ ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದೆ.

ವಿಶಾಖಾ ನನಗೆ ಡಬ್ಬ ಮಾಡಿಕೊಡುವ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳು. ಚಾಮರಾಜಪೇಟೆಯ ಗಲ್ಲಿಯಲ್ಲಿ ಅವಳದೊಂದು ಶೆಡ್ಡು, ರಟ್ಟು ಕತ್ತರಿಸುವ ಮಷೀನು, ಕೆಲಸಕ್ಕೆ ಅಕ್ಕಪಕ್ಕದ ಒಂಬತ್ತು ಹೆಂಗಸರು. ಸ್ವೀಟ್ ಅಂಗಡಿಗಳಿಗೆ ಮಿಠಾಯಿ ಡಬ್ಬ, ನನಗೆ ಪೇಟದ ಡಬ್ಬ. ಅವಳಪ್ಪ ಆಂಜಿನಯ್ಯ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ತಾಯಿ ಪಾರ್ವತಮ್ಮ. ಮದುವೆ ಬೇಡವೆಂದಿದ್ದಳು. ಬೇಡ ಎಂದವಳನ್ನು ಯಾಕೆ ಎಂದು ಕೇಳುವ ಚಟ ನನಗಿಲ್ಲ.

ಶೆಡ್ಡು ದೊಡ್ಡಬೈರಪ್ಪನದು. ದೊಡ್ಡಬೈರಪ್ಪ ನಮ್ಮ ಸಂಘದ ಖಜಾಂಚಿ, ಮೊಮ್ಮಕ್ಕಳನ್ನು ಕಂಡ ಮನುಷ್ಯ, ಹಣೆಗೆ ವಿಭೂತಿ, ಬಾಯಿ ತೆಗೆದರೆ “ನಮ್ಮ ಮನೆ ಮಗಳ ಥರ.” ಮನೆ ಮಗಳ ಥರದವಳ ಶೆಡ್ಡಿಗೆ, ಕೆಲಸದವರು ಹೊರಟ ಮೇಲೆ, ಬಂದು ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಹೋಗುವಾಗ ಭುಜ ತಟ್ಟುತ್ತಿದ್ದ, ತಟ್ಟಿದ ಕೈ ಅಲ್ಲಿಯೇ ಉಳಿಯುತ್ತಿತ್ತು. ಆಮೇಲೆ ಮೆಸೇಜು ಶುರುವಾದವು. ನಂದಿ ಬೆಟ್ಟದ ಹತ್ತಿರ ನಮ್ಮ ತೋಟದ ಮನೆ ಇದೆ, ಭಾನುವಾರ ಬಾ, ಯಾರಿಗೂ ಹೇಳಬೇಡ. ಆ ಮೆಸೇಜುಗಳನ್ನು ನಾನು ಅವಳ ಫೋನಿನಲ್ಲಿ ಓದಿದ್ದೇನೆ. ಓದಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಂಡೆ.

ಕೆಲಸದವರು ಇಲ್ಲದಾಗ ಒಳಗೆ ಕಾಲಿಡಬೇಡಿ ಎಂದು ಅವಳು ಮುಖಕ್ಕೆ ಹೊಡೆದಂತೆ ಹೇಳಿದಳು. ಅದೇ ವಾರ ಶೆಡ್ಡಿಗೆ ಅವನ ಬೀಗ ಬಿತ್ತು. ಕೇಳಿದರೆ, ಮೇಲ್ಛಾವಣಿ ರಿಪೇರಿ. ಮಷೀನು ಒಳಗೆ, ರಟ್ಟು ಒಳಗೆ, ಕಲಸಿಟ್ಟ ಅಂಟು ಒಳಗೆ. ಯುಗಾದಿ ಹತ್ತಿರ ಬಂದಿತ್ತು. ಡಬ್ಬದವರಿಗೆ ಯುಗಾದಿ, ದೀಪಾವಳಿ ಎರಡೇ ಸುಗ್ಗಿ. ಆ ಆರ್ಡರು ತಪ್ಪಿದರೆ ಸ್ವೀಟ್ ಅಂಗಡಿಯವರು ಬೇರೆ ಕಡೆ ಹೋಗುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಠಾಣೆಗೆ ಹೋದರೆ ಪೊಲೀಸಿನವರು, ಇದು ಮಾಲೀಕರು ಬಾಡಿಗೆದಾರರ ಜಗಳ, ನಿಮ್ಮ ಸಂಘದಲ್ಲೇ ಬಗೆಹರಿಸಿಕೊಳ್ಳಿ ಎಂದು ಕಳಿಸಿದರು.

ಹಾಗೆ ನಾವಿಬ್ಬರೂ ಮಲ್ಲೇಶ್ವರದಲ್ಲಿ ವಿಶ್ವಾರಾಧ್ಯರ ಮನೆಗೆ ಹೋದೆವು. ಗಂಡ ಹೆಂಡತಿ ಇಬ್ಬರೂ ಇದ್ದರು. ಶಶಿಯೂ ಇದ್ದ. ಬೆಳ್ಳಿ ಲೋಟದಲ್ಲಿ ಕಾಫಿ ಬಂತು. ವಿಶಾಖಾ ಒಂದೊಂದೇ ಮೆಸೇಜು ತೋರಿಸಿದಳು. ಶೈಲಜಮ್ಮ ಕನ್ನಡಕ ಹಾಕಿಕೊಂಡು, ಕಾಫಿ ಹೀರುತ್ತ, ಎಲ್ಲವನ್ನೂ ನಿಧಾನವಾಗಿ ಓದಿದರು.

“ಹಿರಿಯರಮ್ಮ ಅವ್ರು. ಪ್ರೀತಿಯಿಂದ ಮಾತಾಡ್ಸೋ ಸ್ವಭಾವ,” ಎಂದರು. “ನಾವು ಹೆಂಗಸರು ಬಿಸ್ನೆಸ್ಸಿಗೆ ಬಂದ್ಮೇಲೆ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಾಗುತ್ತೆ.”

“ಎಷ್ಟಕ್ಕೆ ಹೊಂದ್ಕೋಬೇಕು ಮೇಡಂ? ತೋಟದ ಮನೆಗೆ ಹೋಗಿ ಬರೋ ಅಷ್ಟಾ?” ಎಂದು ನಾನು ಕೇಳಿದೆ.

“ಗೋದಮ್ನೋರೇ, ಈ ಆರೋಪ ಅನ್ನೋದೆಲ್ಲ ಬೇಡ,” ಎಂದು ವಿಶ್ವಾರಾಧ್ಯರು ಕೈ ಎತ್ತಿದರು. “ಮನಸ್ತಾಪ ಅನ್ನೋಣ. ಇಬ್ಬರೂ ನಮ್ಮ ಸದಸ್ಯರೇ. ದೊಡ್ಡಬೈರಪ್ಪ ಸಂಘದ ಕಟ್ಟಡಕ್ಕೆ ಎಷ್ಟು ಓಡಾಡಿದಾರೆ ನಿಮಗೂ ಗೊತ್ತು. ನಮಗೆ ಬಿಡಿ, ಮಹಿಳೆಯರ ಬೆನ್ನಿಗೆ ಸಂಘ ಯಾವಾಗ್ಲೂ ಇದೆ.”

ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೇ ದೂರು ಕೊಟ್ಟ ಹಾಗಾಯಿತು ನಮ್ಮ ಪಾಡು. ಎರಡು ವಾರ ಯಾರಿಂದಲೂ ಸುದ್ದಿಯಿಲ್ಲ. ಆಮೇಲೆ ಸಂಘದ ತೀರ್ಮಾನ ಬಂತು. ವಿಶಾಖಾಳಿಗೆ ಈ ವರ್ಷದ ಮಹಿಳಾ ಉದ್ಯಮಿ ಸನ್ಮಾನ. ಮೂಗಿಗೆ ತುಪ್ಪ ಸವರುವುದನ್ನು ಕೇಳಿದ್ದೆ, ಇವರು ತುಪ್ಪದ ಡಬ್ಬವನ್ನೇ ಮೂಗಿಗೆ ಹಿಡಿದಿದ್ದರು.

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳುತ್ತಿರಲಿಲ್ಲ. ಜೋಡಿ ಕುರ್ಚಿಯ ಪ್ರಶ್ನೆ ಎದ್ದಿತು. ಹನ್ನೊಂದು ಹೆಂಗಸರ ಪಕ್ಕದಲ್ಲಿ ಗಂಡಂದಿರು, ಇವಳ ಪಕ್ಕದಲ್ಲಿ ಯಾರು? ವಿಶಾಖಾ ನಮ್ಮಮ್ಮ ಕೂರುತ್ತಾಳೆ ಎಂದಳು. ಶೈಲಜಮ್ಮ ಫೋನಿನಲ್ಲಿ ಬಹಳ ಮೃದುವಾಗಿ ಹೇಳಿದರಂತೆ, “ನನಗೇನೂ ಇಲ್ಲಮ್ಮ, ನಾನು ಅದನ್ನೆಲ್ಲ ನಂಬೋಳಲ್ಲ. ಆದ್ರೆ ಮಂಗಳ ಕಾರ್ಯ, ಮುತ್ತೈದೆಯರೆಲ್ಲ ಕೂತಿರ್ತಾರೆ, ಗಂಡ ಇಲ್ದೋರನ್ನ ಮಧ್ಯೆ ಕೂರ್ಸಿದ್ರೆ ಜನ ಏನಾದ್ರೂ ಅಂತಾರೆ. ತಾಯಿನ ಮುಂದಿನ ಸಾಲಲ್ಲಿ ಕೂರ್ಸೋಣ. ನಿನ್ನ ಪಕ್ಕದಲ್ಲಿ ದೊಡ್ಡಬೈರಪ್ಪನೋರು ಕೂತ್ಕೊಳ್ತಾರೆ. ತಂದೆ ಸ್ಥಾನದಲ್ಲಿ. ಅವರೇ ಒಪ್ಪಿದಾರೆ, ಪಾಪ. ಇಬ್ಬರೂ ಒಟ್ಟಿಗೆ ಕೂತ್ರೆ ಮನಸ್ತಾಪನೂ ಮುಗಿದಂಗಾಯ್ತು. ಸೋಮವಾರ ಬೀಗ ತೆಗೆಸೋ ಜವಾಬ್ದಾರಿ ನಂದು.”

ಪಾಪವಂತೆ. ಒಪ್ಪಿದ್ದಾನಂತೆ.

ಇದನ್ನು ಹೇಳಲು ವಿಶಾಖಾ ಅಂಗಡಿಗೆ ಬಂದಾಗ ನಾನು ಪೇಟದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಕೇಳಿ ನನ್ನ ಮೈ ಉರಿದುಹೋಯಿತು.

“ಹೋಗ್ಬೇಡ,” ಎಂದೆ. “ಆ ಸನ್ಮಾನ ಅವರ ಮುಖಕ್ಕೇ ಎಸಿ.”

“ಎಸೆದು? ಬೀಗ ಯಾರು ತೆಗೀತಾರಕ್ಕ?” ಅವಳು ಬೆಂಚಿನ ಮೇಲೆ ಕೂತಳು. “ಒಂಬತ್ತು ಜನ ಮನೇಲಿ ಕೂತಿದಾರೆ. ದಿನಾ ಫೋನ್ ಮಾಡಿ, ಅಕ್ಕ ಕೆಲಸ ಯಾವಾಗ ಅಂತಾರೆ. ಒಬ್ಳಾಗ್ಲೇ ಮನೆಗೆಲಸಕ್ಕೆ ಸೇರ್ಕೊಂಡ್ಲು. ಯುಗಾದಿ ಆರ್ಡರು ಈ ವಾರ ಶುರು ಮಾಡ್ಲಿಲ್ಲ ಅಂದ್ರೆ ನನ್ನ ಶೆಡ್ಡು ಮುಗೀತು. ಎರಡು ನಿಮಿಷ ಅವನ ಪಕ್ಕ ಕೂತ್ಕೊಂಡು ಬರ್ತೀನಿ. ಸಾಯಲ್ಲ.”

“ಫೋಟೋ ತೆಗೀತಾರೆ. ಆಮೇಲೆ ನೀನು ಏನೇ ಹೇಳಿದ್ರೂ ಆ ಫೋಟೋ ತೋರಿಸ್ತಾರೆ. ನೋಡಿ, ಅಪ್ಪ ಮಗಳ ಥರ ಕೂತಿದಾರೆ ಅಂತಾರೆ.”

“ಗೊತ್ತಕ್ಕ,” ಎಂದಳು. ನಾನು ಇಸ್ತ್ರಿಪೆಟ್ಟಿಗೆಯನ್ನು ಮರೆತಿದ್ದೆ. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು.

ಕಾರ್ಯಕ್ರಮದ ಹಿಂದಿನ ದಿನ ಶಶಿ ಮತ್ತೆ ಫೋನು ಮಾಡಿದ. “ಗೋದಕ್ಕ, ಒಂದು ಸಣ್ಣ ವಿಷಯ. ವಿಶಾಖಾ ಅವರ ಹತ್ರ ಬಂದಾಗ ಆ ಪ್ರಶ್ನೆ ಕೇಳ್ಬೇಡಿ. ಸುಮ್ನೆ ಕಟ್ಬಿಟ್ಟು ಮುಂದಕ್ಕೆ ಹೋಗಿ. ಅಧ್ಯಕ್ಷರು ಹೇಳಿದಾರೆ.” ಇನ್ನೊಂದು ಮಾತು ಸೇರಿಸಿದ. “ಮುಂದಿನ ತಿಂಗಳು ಸಂಘದ ವಾರ್ಷಿಕೋತ್ಸವದ ಆರ್ಡರೂ ನಿಮಗೇ ಅಂತಿದಾರೆ.”

ನಾನು ಫೋನು ಕೆಳಗಿಟ್ಟೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೇನೂ ತೀರ್ಮಾನವಿರಲಿಲ್ಲ. ಕೇಳಿದರೆ ನನ್ನ ಆರ್ಡರು ಹೋಗುತ್ತದೆ, ಅದು ಹಾಳಾಗಲಿ, ಆದರೆ ಅವಳ ಬೀಗ? ಅವಳು ಹಲ್ಲು ಕಚ್ಚಿ ಕೂರಲು ಒಪ್ಪಿರುವಾಗ ಅದನ್ನು ಕೆಡಿಸಲು ನಾನು ಯಾರು?

ಮಲ್ಲೇಶ್ವರದ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಕಾರ್ಯಕ್ರಮ. ಬಾಗಿಲಲ್ಲಿ ದೊಡ್ಡ ಬ್ಯಾನರು. ಮೇಲೆ “ನಾರಿ ಶಕ್ತಿ ಸಂಭ್ರಮ”. ಕೆಳಗೆ ಎರಡು ಸಾಲು ಗಂಡಸರ ಫೋಟೋ. ಮೂಲೆಯಲ್ಲಿ ಕಂಪ್ಯೂಟರಿನಿಂದ ತೆಗೆದ, ಮುಖವಿಲ್ಲದ ಒಬ್ಬ ಹೆಂಗಸಿನ ಚಿತ್ರ. ಹೆಂಗಸರ ಶೌಚಾಲಯಕ್ಕೆ ಹೋದರೆ ಒಳಗೆ ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಕೆಳಗಿನ ಮಹಡಿಗೆ ಹೋಗಿ ಅಮ್ಮ ಎಂದ ಕಾವಲುಗಾರ.

ಮುಖ್ಯ ಅತಿಥಿ ಮುಕ್ಕಾಲು ಗಂಟೆ ಮಾತಾಡಿದರು. ಹೆಣ್ಣು ಭೂಮಿ, ಹೆಣ್ಣು ನದಿ, ಹೆಣ್ಣು ಸಹನಾಮೂರ್ತಿ. ವ್ಯಾಪಾರದ ಸುದ್ದಿ ಬರಲೇ ಇಲ್ಲ. ವಿಶ್ವಾರಾಧ್ಯರು ಸಂಘ ಮಹಿಳೆಯರ ಪರವಾಗಿ ಯಾವ ಯಾವ ಮಂತ್ರಿಯನ್ನು ಕಂಡಿತು ಎಂದು ಹೇಳಿ, ಈ ವರ್ಷ ಮಹಿಳೆಯರ ಸುರಕ್ಷತೆಯೇ ನಮ್ಮ ಧ್ಯೇಯ ಎಂದರು. ಖಜಾಂಚಿ ದೊಡ್ಡಬೈರಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ನಾನು ವೇದಿಕೆಯ ಪಕ್ಕದ ಪರದೆಯ ಹಿಂದೆ ಪೇಟದ ಬಟ್ಟೆಗಳನ್ನು ಹರಡಿಕೊಂಡು ನಿಂತಿದ್ದೆ.

ಜೋಡಿಗಳನ್ನು ಕರೆದು ಕೂರಿಸಿದರು. ವಿಶಾಖಾ ಕೊನೆಯ ಕುರ್ಚಿಯಲ್ಲಿ, ನೀಲಿ ಹತ್ತಿ ಸೀರೆ, ಕೈ ಎರಡೂ ಮಡಿಲಲ್ಲಿ. ದೊಡ್ಡಬೈರಪ್ಪ ಬಂದು, ಪಂಚೆ ಸರಿಮಾಡಿಕೊಂಡು, ಅವಳ ಪಕ್ಕದಲ್ಲಿ ಆರಾಮವಾಗಿ ಕಾಲು ಅಗಲಿಸಿ ಕೂತ. ಅವಳು ಕುರ್ಚಿಯ ಅಂಚಿಗೆ ಸರಿದಳು. ಅವನು ಅವಳ ಕುರ್ಚಿಯ ಬೆನ್ನಿನ ಮೇಲೆ ಕೈ ಹಾಕಿದ. ಫೋಟೋದವನು ಸರ್ ಹಾಗೇ ಇರಿ ಎಂದ. ಮುಂದಿನ ಸಾಲಿನಲ್ಲಿ, ರೇಷ್ಮೆ ಸೀರೆಯ ಶೈಲಜಮ್ಮನ ಪಕ್ಕದಲ್ಲಿ, ಪಾರ್ವತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ನಾನು ಮೊದಲ ಜೋಡಿಯಿಂದ ಶುರು ಮಾಡಿದೆ. ಇವರು ನಿಮಗೆ ಏನಾಗಬೇಕು? ನಮ್ಮ ಯಜಮಾನ್ರು. ಚಪ್ಪಾಳೆ. ಇವರು ನಿಮಗೆ ಏನಾಗಬೇಕು? ಒಬ್ಬಾಕೆ ಒಡಪು ಹೇಳಿದಳು, ಸಭೆ ಶಿಳ್ಳೆ ಹಾಕಿತು. ಒಂದೊಂದೇ ತಲೆಗೆ ಬಟ್ಟೆ ಸುತ್ತುತ್ತ, ಜರಿ ಅಂಚನ್ನು ಮುಂದಕ್ಕೆ ಎಳೆಯುತ್ತ, ಕೊನೆಗೆ ಬಂದು ನಿಂತೆ. ಶಶಿ ಮೈಕ್ ಕೆಳಗೆ ಇಳಿಸಿ, ಕಣ್ಣಲ್ಲೇ ಬೇಡ ಎಂದ. ದೊಡ್ಡಬೈರಪ್ಪ ತಲೆ ಬಗ್ಗಿಸಿದ. ಕೊಬ್ಬರಿ ಎಣ್ಣೆಯ ವಾಸನೆ ಬಂತು.

ನಾನು ವಿಶಾಖಾಳ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವನ ಬೆರಳುಗಳು ಕುರ್ಚಿಯ ಬೆನ್ನಿನಿಂದ ಇಳಿದು ಅವಳ ರವಿಕೆಯ ತೋಳಿನ ಮೇಲಿದ್ದವು. ಅಷ್ಟು ಜನರ ಮುಂದೆ, ಅಷ್ಟು ಬೆಳಕಿನಲ್ಲಿ. ಅವಳು ತಲೆಯನ್ನು ಒಂದೇ ಒಂದು ಸಲ ಆಡಿಸಿದಳು, ಹೂಂ ಎನ್ನುವ ಹಾಗೆ.

“ಶಶಿ, ಮೈಕ್ ಇತ್ಲಾಗೆ ಹಿಡಿ,” ಎಂದೆ ಗಟ್ಟಿಯಾಗಿ. ಅಭ್ಯಾಸಬಲದಿಂದ ಅವನ ಕೈ ಮೇಲೆದ್ದಿತು. ಎದ್ದ ಮೇಲೆ ಅವನಿಗೆ ಅರಿವಾಯಿತು, ಆದರೆ ಅಷ್ಟರಲ್ಲಿ ವಿಶಾಖಾ ಆ ಮಣಿಕಟ್ಟನ್ನು ಹಿಡಿದಿದ್ದಳು.

“ಇವರು ನಿಮಗೆ ಏನಾಗ್ಬೇಕಮ್ಮ?”

“ಏನೂ ಆಗ್ಬೇಕಿಲ್ಲ,” ಎಂದಳು ವಿಶಾಖಾ. “ಇವರು ನಮ್ಮ ಶೆಡ್ಡಿನ ಮಾಲೀಕರು. ತೋಟದ ಮನೆಗೆ ಬಾ ಅಂತ ಮೆಸೇಜ್ ಮಾಡ್ತಾರೆ. ಬರಲ್ಲ ಅಂದೆ. ಅದಕ್ಕೆ ನನ್ನ ಶೆಡ್ಡಿಗೆ ಬೀಗ ಹಾಕಿದಾರೆ. ಸಂಘಕ್ಕೆ ಹೇಳಿದೆ. ಸಂಘ ಇವರನ್ನ ತಂದು ನನ್ನ ಪಕ್ಕದಲ್ಲಿ ಕೂರ್ಸಿದೆ. ಈಗಲೂ ಇವರ ಕೈ ನನ್ನ ಮೈ ಮೇಲಿದೆ.”

ಕೈ ಸರಕ್ಕನೆ ಹಿಂದೆ ಹೋಯಿತು. ಅದನ್ನು ಮುಂದಿನ ಸಾಲುಗಳೆಲ್ಲ ನೋಡಿದವು. ನಾನು ಪೇಟದ ಬಟ್ಟೆಯನ್ನು ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ತಲೆ ಬಗ್ಗಿಸಿಕೊಂಡೇ ಕೂತಿದ್ದ ದೊಡ್ಡಬೈರಪ್ಪ ಕಟ್ಟುತ್ತಾರೆಂದು ಇನ್ನೂ ಕಾಯುತ್ತಿದ್ದನೋ ಏನೋ. ಆಮೇಲೆ ಮುಖ ಎತ್ತಿ ನಕ್ಕ. “ಮಗು, ಏನೋ ತಮಾಷೆ...” ಎಂದ.

ಸಭೆಯಲ್ಲಿ ಒಬ್ಬರಾದರೂ ಛೀ ಎನ್ನುತ್ತಾರೆಂದು ನಾನು ಕಾದೆ. ಒಬ್ಬರೂ ಅನ್ನಲಿಲ್ಲ. ಹನ್ನೊಂದು ಹೆಂಗಸರು ತಮ್ಮ ಹಣ್ಣಿನ ತಟ್ಟೆ ನೋಡಿಕೊಂಡು ಕೂತರು. ಹನ್ನೊಂದು ಪೇಟಗಳು ಹನ್ನೊಂದು ಕಡೆ ತಿರುಗಿದವು. ಮುಖ್ಯ ಅತಿಥಿ ಗಡಿಯಾರ ನೋಡಿಕೊಂಡರು. ವಿಶ್ವಾರಾಧ್ಯರು ಮೈಕ್ ಆಫ್ ಮಾಡಿ ಎಂದು ಕೈಸನ್ನೆ ಮಾಡುತ್ತಿದ್ದರು.

ಎದ್ದವಳು ಪಾರ್ವತಮ್ಮ. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ನಿಧಾನವಾಗಿ ಹತ್ತಿ ಬಂದು ದೊಡ್ಡಬೈರಪ್ಪನ ಎದುರು ನಿಂತಳು.

“ಏಳಪ್ಪ ಮ್ಯಾಕೆ,” ಎಂದಳು.

ಅವನು ವಿಶ್ವಾರಾಧ್ಯರ ಕಡೆ ನೋಡಿದ. ಅವರು ಬೇರೆ ಕಡೆ ನೋಡುತ್ತಿದ್ದರು. ಅವನು ಎದ್ದ. ಪಾರ್ವತಮ್ಮ ಕುರ್ಚಿಯನ್ನು ಸೆರಗಿನಿಂದ ಒಮ್ಮೆ ಒರೆಸಿ, ಮಗಳ ಪಕ್ಕದಲ್ಲಿ ಕೂತಳು. ನನ್ನ ಕೈ ತಾನಾಗಿ ಚೀಲದೊಳಗಿನ ಬಟ್ಟೆಗೆ ಹೋಯಿತು. ಅವಳು ನೋಡಿ ತಲೆಯಾಡಿಸಿದಳು.

“ನಂಗದೆಲ್ಲ ಬ್ಯಾಡ ಕಣಮ್ಮ. ನನ್ ಮಗಳ ಶೆಡ್ಡಿನ ಬೀಗ ತೆಗ್ಸಿ, ಸಾಕು.”

ಅದೂ ಮೈಕಿನಲ್ಲಿ ಕೇಳಿಸಿತು. ಆಮೇಲೆ ಮೈಕ್ ಸತ್ತಿತು. ಶಶಿ ಬರಿ ಬಾಯಲ್ಲೇ ಕೂಗಿದ, “ಊಟ ರೆಡಿ ಇದೆ, ಎಲ್ಲರೂ ದಯವಿಟ್ಟು ಊಟಕ್ಕೆ ಬನ್ನಿ.” ಜನ ಎದ್ದರು. ಎದ್ದು ಊಟಕ್ಕೇ ಹೋದರು! ನಾನು ಚೀಲ ಹೆಗಲಿಗೆ ಹಾಕಿಕೊಂಡು ಇಳಿಯುವಾಗ, ನಾನು ಕಟ್ಟಿದ ಹನ್ನೊಂದು ಪೇಟಗಳೂ ಹೋಳಿಗೆಯ ಸಾಲಿನಲ್ಲಿ ನಿಂತಿದ್ದವು. ಒಬ್ಬ ತುಪ್ಪ ಇನ್ನೊಂದು ಚಮಚ ಹಾಕಿ ಎನ್ನುತ್ತಿದ್ದ.

ಸಂಜೆ ನಾವು ಮೂವರೂ ಚಾಮರಾಜಪೇಟೆಯ ಶೆಡ್ಡಿನ ಮುಂದಿದ್ದೆವು. ಬೀಗ ಒಡೆಯುವುದೇ ಎಂದು ಕಬ್ಬಿಣದ ರಾಡು ತಂದಿದ್ದೆವು. ಒಡೆದರೆ ಕೇಸು ಹಾಕುತ್ತಾನೆ, ಹಾಕಲಿ ಎಂದಿದ್ದಳು ವಿಶಾಖಾ. ರಾಡು ಎತ್ತುವ ಮುಂಚೆ ಗಲ್ಲಿಯ ತುದಿಯಲ್ಲಿ ಕಾರು ನಿಂತಿತು. ಶೈಲಜಮ್ಮ ಬೆಳಗಿನ ರೇಷ್ಮೆ ಸೀರೆಯಲ್ಲೇ ಇಳಿದು ಬಂದರು. ಹಿಂದೆ ಶಶಿ, ಫೋನು ಕೈಯಲ್ಲಿ.

ಸಭೆಯಲ್ಲಿ ಯಾರೋ ವಿಡಿಯೊ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲರ ಫೋನಿನಲ್ಲಿತ್ತು. ದೊಡ್ಡಬೈರಪ್ಪನ ಸೊಸೆಯ ಫೋನಿನಲ್ಲೂ ಇತ್ತಂತೆ. ಬೀಗದ ಕೈ ಬಂದದ್ದು ಆ ವಿಡಿಯೊದ ಹೆದರಿಕೆಯಿಂದ. ನಾಚಿಕೆಯಿಂದ ಬಂದದ್ದಲ್ಲ.

“ನೋಡಮ್ಮ, ಹೇಳಿದ್ದೆ ತಾನೇ? ಸೋಮವಾರ ಅಂದಿದ್ದೆ, ಭಾನುವಾರನೇ ತಂದೆ,” ಎಂದರು ಶೈಲಜಮ್ಮ. “ನಮ್ಮ ಮಹಿಳಾ ಘಟಕ ಕೂಡ್ಲೇ ಮಧ್ಯೆ ಬಂತು. ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕ್ಬಿಡೋಣ, ನಾನು ಕೀ ಕೊಡೋ ಥರ. ಜನ ಸಂಘದ ಬಗ್ಗೆ ಏನೇನೋ ಮಾತಾಡ್ತಿದಾರೆ. ಸ್ವಲ್ಪ ನಗು ಮುಖ ಮಾಡು.”

ವಿಶಾಖಾ ನಗಲಿಲ್ಲ. ಕೀಯನ್ನು ಅವರ ಕೈಯಿಂದ ತೆಗೆದುಕೊಂಡು, ಬಾಗಿಲಿನತ್ತ ತಿರುಗಿ ಬೀಗ ತೆಗೆದಳು. ಶೈಲಜಮ್ಮ ಕ್ಯಾಮೆರಾಕ್ಕೆ ಮುಖ ಕೊಟ್ಟುಕೊಂಡೇ ಅವಳ ಹಿಂದೆ ಹೊಸ್ತಿಲು ದಾಟಿದರು.

ವಾಸನೆ ಎದ್ದು ಬಂದು ಮುಖಕ್ಕೆ ಬಡಿಯಿತು. ಡಬ್ಬಕ್ಕೆ ಬಳಿಯುವ ಅಂಟು ಮೈದಾದಿಂದ ಮಾಡಿದ್ದು. ಕೆಡದಿರಲಿ ಎಂದು ಬೇರೆಯವರು ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ತಿಂಡಿ ಇಡುವ ಡಬ್ಬವೆಂದು ವಿಶಾಖಾ ಹಾಕುವುದಿಲ್ಲ. ಬೀಗ ಬಿದ್ದ ದಿನ ಕಲಸಿಟ್ಟ ಒಂದು ಡ್ರಮ್ಮು ಅಂಟು ಅಷ್ಟು ದಿನ ಬಿಸಿಲ ಶೀಟಿನ ಕೆಳಗೆ ಕೊಳೆತು, ಉಕ್ಕಿ, ನೆಲದ ಮೇಲೆ ಹರಿದು, ಹುಳು ಬಿದ್ದಿತ್ತು. ಶೈಲಜಮ್ಮನ ರೇಷ್ಮೆ ಸೀರೆಯ ಅಂಚು ಅದರಲ್ಲಿತ್ತು.

“ಛೀ! ಛೀ! ಎಂಥ ಅಸಹ್ಯ!” ಎಂದು ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಕ್ಕೆ ಹಾರಿದರು. “ಥೂ, ಹೇಗೆ ಸಹಿಸ್ತೀರಮ್ಮ ಇದನ್ನ!”

ನಾನು ಪೊರಕೆಗೆ ಚಾಚಿದ ಕೈಯನ್ನು ಹಾಗೆಯೇ ನಿಲ್ಲಿಸಿ ಆ ಹೆಂಗಸನ್ನು ನೋಡಿದೆ. ಮೂರು ವಾರದಿಂದ ನಾವು ಇವರ ಬಾಯಿಂದ ಈ ಒಂದು ಮಾತಿಗಾಗಿ ಕಾದಿದ್ದೆವು. ಆ ಮೆಸೇಜುಗಳನ್ನು ಓದುವಾಗ ಇದೇ ಬಾಯಿ ಕಾಫಿ ಹೀರುತ್ತಿತ್ತು. ದೊಡ್ಡಬೈರಪ್ಪನ ಕೈ ವಿಶಾಖಾಳ ತೋಳಿನ ಮೇಲೆ ಇದ್ದಾಗ ಇದೇ ಕಣ್ಣು ಎದುರಿಗೇ ಇತ್ತು. ಆಗ ಬಾರದ ಛೀ ಈಗ ಹುಳಿತ ಮೈದಾಕ್ಕೆ ಬಂತು. ಇದನ್ನೆಲ್ಲ ಅವರ ಮುಖದ ಮೇಲೆ ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಪಾರ್ವತಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಬಕೆಟ್ಟಿನಲ್ಲಿ ನೀರು ತಂದಿದ್ದಳು. ವಿಶಾಖಾ ಡ್ರಮ್ಮಿನ ಅಂಚಿಗೆ ಎರಡೂ ಕೈ ಹಾಕಿ, ಬಾಗಿಲ ಕಡೆ ತಿರುಗಿದಳು.

“ಇದು ಬರೀ ಮೈದಾ, ಮೇಡಂ,” ಎಂದಳು. “ತೊಳೆದ್ರೆ ಹೋಗುತ್ತೆ.”